ಕೋಚ್ ಕೊಡುವ ಜಾಗ, ಕಾಲೇಜು ಕೊಡುವ ದುಡ್ಡು: ಈಜುಗಾರ್ತಿಯೊಬ್ಬಳ ಆಪ್ತಸಲಹೆ ಪ್ರಕರಣ

ಹುಡುಗಿಯನ್ನು ಇಲ್ಲಿ ಇಂಚರಾ ಅಂತ ಕರೆಯುತ್ತೇನೆ. ಹೆಸರು, ಊರು, ಗುರುತು ಹಿಡಿಯಬಹುದಾದ ವಿವರ ಎಲ್ಲ ಬದಲಿಸಿದ್ದೇನೆ. ಬರೆಯುವುದಕ್ಕೆ ಅವಳೂ ಅಪ್ಪ ಅಮ್ಮನೂ ಒಪ್ಪಿದ್ದಾರೆ.

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ರಾಲಿ ಹತ್ತಿರ ಇವರ ಮನೆ. ಅಪ್ಪ ಹಾಸನದ ಕಡೆಯವರು, ಸಾಫ್ಟ್‌ವೇರ್ ಕೆಲಸ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಳಿಂದ ಕಾಯುತ್ತಿರುವ ಎಚ್-1ಬಿ, ಅಂದರೆ ಕೆಲಸದ ವೀಸಾದ ಕುಟುಂಬ. ಇಂಚರಾ ಆರು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು, ಎಚ್-1ಬಿಯವರ ಮನೆಯವರಿಗೆ ಕೊಡುವ ಎಚ್-4 ವೀಸಾ. 2024ರ ನವೆಂಬರ್‌ನಲ್ಲಿ ನನ್ನ ಹತ್ತಿರ ಬಂದಾಗ ಹನ್ನೊಂದನೇ ಕ್ಲಾಸು. 100 ಯಾರ್ಡ್ ಬ್ರೆಸ್ಟ್‌ಸ್ಟ್ರೋಕ್ ಅವಳ ಈಜು, 1 ನಿಮಿಷ 4.8 ಸೆಕೆಂಡ್ ಅವಳ ಟೈಮ್.

ಅಪ್ಪನ ಪ್ರಶ್ನೆ ನೇರವಾಗಿತ್ತು, ಅವರಿಗೆ ಬೇಕಾಗಿದ್ದು ಕಾಲೇಜಿನ ಪೂರ್ತಿ ಖರ್ಚು ಕೊಡುವ ಕ್ರೀಡಾ ಸ್ಕಾಲರ್‌ಶಿಪ್, ಅಂದರೆ ಫುಲ್ ರೈಡ್. "ಮೇಡಂ, ಇವಳಿಗೆ ಫುಲ್ ರೈಡ್ ಸಿಗಬೇಕು. ಯಾವ ಕಾಲೇಜು ಹಿಡೀಬೇಕು ಹೇಳಿ." ಕೈಯಲ್ಲಿ ದಪ್ಪ ಫೈಲು. ಅದರ ತುಂಬ ದೊಡ್ಡ ದೊಡ್ಡ ಕಾಲೇಜುಗಳಿಂದ ಬಂದ ಬೇಸಿಗೆ ಶಿಬಿರದ ಆಹ್ವಾನ. ಅಷ್ಟೂ ಕೋಚ್‌ಗಳಿಗೆ ಮಗಳ ಮೇಲೆ ಕಣ್ಣಿದೆ ಅಂತ ಅವರು ನಂಬಿದ್ದರು. ಹತ್ತನೇ ಕ್ಲಾಸಿನಿಂದ ಮಗಳ ಹೆಸರಿನಲ್ಲಿ ಅವರೇ ಇಮೇಲ್ ಕಳಿಸುತ್ತಿದ್ದರು. ಮಕ್ಕಳನ್ನು ಕಾಲೇಜು ಕೋಚ್‌ಗಳಿಗೆ ಪರಿಚಯಿಸುವ ಒಂದು ರಿಕ್ರೂಟಿಂಗ್ ಸೇವೆಗೆ ಸಾವಿರಾರು ಡಾಲರ್ ಕಟ್ಟಿಯೂ ಆಗಿತ್ತು.

ಶಿಬಿರದ ಆಹ್ವಾನ ಎಂದರೆ ಆಸಕ್ತಿ ಅಂತಲ್ಲ. ಶಿಬಿರಕ್ಕೆ ಫೀ ಇರುತ್ತದೆ, ಆ ಪತ್ರ ನೂರಾರು ಮಕ್ಕಳಿಗೆ ಒಟ್ಟಿಗೆ ಹೋಗುತ್ತದೆ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ನಿಯಮದ ಪ್ರಕಾರ ಡಿವಿಷನ್ ಒಂದರ (ಮೂರು ಹಂತಗಳಲ್ಲಿ ಎಲ್ಲಕ್ಕಿಂತ ಮೇಲಿನದು) ಈಜು ಕೋಚ್‌ಗಳು ಹತ್ತನೇ ಕ್ಲಾಸು ಮುಗಿದ ಜೂನ್ 15ರ ತನಕ ಮಕ್ಕಳ ಜೊತೆ ಆಯ್ಕೆಯ ಮಾತು ಆಡುವ ಹಾಗಿಲ್ಲ. ಅದಕ್ಕೇ ಹತ್ತನೇ ಕ್ಲಾಸಿನಲ್ಲಿ ಬಂದದ್ದು ಬರೀ ಶಿಬಿರದ ಪತ್ರ. ಆದರೆ ಇವರು ನನ್ನ ಹತ್ತಿರ ಬರುವಾಗ ಆ ಜೂನ್ 15 ಕಳೆದು ಐದು ತಿಂಗಳಾಗಿತ್ತು. ಆ ಫೈಲಿನ ಒಬ್ಬ ಕೋಚೂ ಫೋನ್ ಮಾಡಿರಲಿಲ್ಲ. ಅದೇ ಅವರ ಉತ್ತರ ಅಂತ ನಾನು ಹೇಳಿದೆ. ಅಪ್ಪನಿಗೆ ಬೇಜಾರಾಯಿತು. ಆದರೆ ಆ ಮಾತನ್ನು ಅಷ್ಟು ಹೊತ್ತಿಗೆ ಯಾರಾದರೂ ಹೇಳಲೇಬೇಕಿತ್ತು.

"ನಮ್ಮ ಮೈಸೂರಿನ ವಿಕಾಸ್ ಗೌಡ ಇಲ್ಲೇ ಚಾಪೆಲ್ ಹಿಲ್‌ನಲ್ಲಿ ಓದಿದ್ದಲ್ವಾ?" ಅಂತ ಕೇಳಿದರು. ಹೌದು. ವಿಕಾಸ್ ಗೌಡ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾ ಪರವಾಗಿ 2006ರಲ್ಲಿ ಎನ್‌ಸಿಎಎ ಡಿಸ್ಕಸ್ ಚಾಂಪಿಯನ್ ಆದವರು, 2014ರ ಕಾಮನ್‌ವೆಲ್ತ್ ಚಿನ್ನ ಗೆದ್ದವರು. ಅಷ್ಟು ಎತ್ತರಕ್ಕೆ ಹೋಗುವವರ ದಾರಿಯೇ ಬೇರೆ. ಹೈಸ್ಕೂಲಿನಲ್ಲಿ ಆಡುವ ಮಕ್ಕಳಲ್ಲಿ ಕಾಲೇಜು ಕ್ರೀಡಾ ಸ್ಕಾಲರ್‌ಶಿಪ್ ಯಾವ ರೂಪದಲ್ಲಾದರೂ ಸಿಗುವುದು ನೂರಕ್ಕೆ ಸುಮಾರು ಇಬ್ಬರಿಗೆ ಅಂತ ಎನ್‌ಸಿಎಎ ತಾನೇ ಹೇಳುತ್ತದೆ. ಅದರಲ್ಲೂ ಈಜಿನಂಥ ಆಟದಲ್ಲಿ ದುಡ್ಡನ್ನು ಹಂಚಿ ಕೊಡುವುದೇ ರೂಢಿ. ಪೂರ್ತಿ ಖರ್ಚು ಒಬ್ಬರಿಗೇ ಸಿಗುವುದು ತೀರಾ ಅಪರೂಪ.

ಮುಂದಿನ ವಾರ ಇಂಚರಾಳನ್ನು ಒಬ್ಬಳನ್ನೇ ಕೂರಿಸಿ ಮಾತಾಡಿದೆ. ಇಂಥ ಪ್ರಕರಣಗಳಲ್ಲಿ ಮಗುವಿನ ಜೊತೆ ಬೇರೆಯಾಗಿ ಕೂರದೆ ನಾನು ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಈಜು ಬೇಡ ಅನ್ನುತ್ತಾಳೇನೋ ಅಂತ ಅಮ್ಮನಿಗೆ ಅಳುಕಿತ್ತು. ಹಾಗೇನೂ ಇರಲಿಲ್ಲ. ಅವಳಿಗೆ ಈಜು ಬೇಕು, ತಂಡ ಬೇಕು, ಬೆಳಗಿನ ಪ್ರಾಕ್ಟೀಸೂ ಬೇಕು. ಅವಳನ್ನು ತಿನ್ನುತ್ತಿದ್ದ ಸಂಗತಿ ಬೇರೆ.

"ಆಂಟಿ, ಕ್ಲಬ್ ಫೀಸು, ಮೀಟ್‌ಗೆ ಹೋದಾಗ ಹೋಟೆಲು, ಪ್ಲೇನು, ಎಲ್ಲಾ ಕೂಡಿಸಿದ್ದೀನಿ. ರೇಸಿಂಗ್ ಸೂಟ್‌ಗೇ ನಾನೂರು ಐನೂರು ಡಾಲರ್. ಸ್ಕಾಲರ್‌ಶಿಪ್ ಸಿಕ್ರೆ ಅಪ್ಪ ಹಾಕಿದ್ದು ವಾಪಸ್ ಬರತ್ತೆ ಅಲ್ವಾ?"

ಹದಿನಾರು ವರ್ಷದ ಹುಡುಗಿ ಫೋನಿನಲ್ಲಿ ಲೆಕ್ಕ ಬರೆದಿಟ್ಟುಕೊಂಡಿದ್ದಳು! ಮಕ್ಕಳು ನಮ್ಮ ಮಾತು ಕೇಳಿಸಿಕೊಳ್ಳುವುದಿಲ್ಲ ಅಂದುಕೊಳ್ಳುತ್ತೇವೆ. ದುಡ್ಡಿನ ಮಾತು ಮಾತ್ರ ಒಂದೂ ಬಿಡದೆ ಕೇಳಿಸಿಕೊಂಡಿರುತ್ತಾರೆ. ಇನ್ನೊಂದು ವಿಷಯವನ್ನೂ ಹೇಳಿದಳು. ಪೆನ್ಸಿಲ್ವೇನಿಯಾದ ಒಂದು ಸಣ್ಣ ಕಾಲೇಜು ಅವಳಿಗೆ ಇಷ್ಟ. ಪರಿಸರ ವಿಜ್ಞಾನ ಚೆನ್ನಾಗಿದೆ, ಈಜು ತಂಡವೂ ಇದೆ. ಆದರೆ ಅದು ಡಿವಿಷನ್ ಮೂರು. "ಅಪ್ಪಂಗೆ ಹೇಳಿದ್ರೆ, ಹಾಸನದಲ್ಲಿ ಯಾರಿಗೂ ಗೊತ್ತಿಲ್ಲದ ಕಾಲೇಜು ಯಾಕೆ ಅಂತಾರೆ."

ಅವಳ ಒಪ್ಪಿಗೆ ತಗೊಂಡು, ದುಡ್ಡಿನ ಲೆಕ್ಕದ ಮಾತನ್ನು ಮಾತ್ರ ಅಪ್ಪನಿಗೆ ಮುಟ್ಟಿಸಿದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. "ಆ ದುಡ್ಡು ಸಾಲ ಅಲ್ಲ ಅಂತ ನೀವೇ ಬಾಯಿಬಿಟ್ಟು ಹೇಳಬೇಕು, ನಾನು ಹೇಳಿದರೆ ಪ್ರಯೋಜನ ಇಲ್ಲ" ಅಂದೆ. ಮನೆಗೆ ಹೋಗುವಾಗ ಕಾರಿನಲ್ಲೇ ಹೇಳಿದರಂತೆ. ಫೋನಿನ ಲೆಕ್ಕ ಅಳಿಸಿದೆ ಅಂತ ಮುಂದಿನ ಸಲ ಇಂಚರಾ ಹೇಳಿದಳು. ಇಮೇಲು, ಕೋಚು, ಲೆಕ್ಕ ಎಲ್ಲ ಅದರ ನಂತರ. ಆ ಭಾರ ಇಳಿಯದೆ ಅವಳು ಯಾವ ಕಾಲೇಜನ್ನೂ ಸರಿಯಾಗಿ ನೋಡುತ್ತಿರಲಿಲ್ಲ.

ಆಮೇಲೆ ಮೂವರನ್ನೂ ಕೂರಿಸಿ ಲ್ಯಾಪ್‌ಟಾಪ್ ತೆರೆದೆ. ಈಜಿನಲ್ಲಿ ಒಂದು ಅನುಕೂಲ ಇದೆ, ಯಾರೂ ಯಾರಿಗೂ ಸುಳ್ಳು ಹೇಳಲಾಗದು. ಪ್ರತಿ ತಂಡದ ಟೈಮೂ ಸ್ವಿಮ್‌ಕ್ಲೌಡ್ ಅನ್ನುವ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅಪ್ಪನ ಪಟ್ಟಿಯ ಮೊದಲ ಕಾಲೇಜಿನ ಕಾನ್ಫರೆನ್ಸ್ (ಒಟ್ಟಿಗೆ ಸ್ಪರ್ಧಿಸುವ ಕಾಲೇಜುಗಳ ಗುಂಪು) ಚಾಂಪಿಯನ್‌ಶಿಪ್ ಫಲಿತಾಂಶ ತೆಗೆಸಿದೆ. ಇವಳ ಟೈಮ್ ಎಷ್ಟನೇ ಸ್ಥಾನಕ್ಕೆ ಬರುತ್ತದೆ ಅಂತ ಅವರ ಕೈಯಲ್ಲೇ ಹುಡುಕಿಸಿದೆ. ಅಲ್ಲಿ ಫೈನಲ್‌ಗೆ ಹೋದವರು ಒಂದು ನಿಮಿಷದ ಆಸುಪಾಸಿನಲ್ಲಿದ್ದರು. ಇವಳ ಟೈಮ್ ಪಟ್ಟಿಯ ಕೊನೆಯ ತನಕ ಹೋದರೂ ಸಿಗಲಿಲ್ಲ. ಆಮೇಲೆ ಪೆನ್ಸಿಲ್ವೇನಿಯಾದ ಕಾಲೇಜಿನ ಕಾನ್ಫರೆನ್ಸ್ ತೆಗೆದೆವು. ಅಲ್ಲಿ ಇವಳು ಮೊದಲ ಎಂಟರೊಳಗೆ ಬರುತ್ತಿದ್ದಳು. ನಾನು ಏನೂ ಹೇಳಬೇಕಾಗಲಿಲ್ಲ. ಡಿವಿಷನ್ ಮೂರು ಅಂದರೆ ಸುಮ್ನೆ ಆಡುವವರ ಜಾಗ ಅನ್ನುವ ಭಾವನೆಯೂ ಅವರಿಗಿತ್ತು. ಓಹಾಯೋದ ಕೆನ್ಯನ್ ಕಾಲೇಜಿನ ಪುರುಷರ ತಂಡ 1980ರಿಂದ 2010ರವರೆಗೆ ಸತತ 31 ವರ್ಷ ಡಿವಿಷನ್ ಮೂರರ ಈಜು ಚಾಂಪಿಯನ್ ಆಗಿತ್ತು. ಆ ತಂಡಗಳ ಟೈಮ್ ನೋಡಿ ಅಂದೆ. ನೋಡಿದರು.

ಇಮೇಲ್ ಕೆಲಸವನ್ನು ಅಪ್ಪನ ಕೈಯಿಂದ ಬಿಡಿಸಿದೆ. ಅವರು ಕಳಿಸುತ್ತಿದ್ದ ಪತ್ರದಲ್ಲಿ ಶಿಸ್ತು, ಶ್ರದ್ಧೆ, ನಾಯಕತ್ವ ಅಂತ ಮೂರು ಪ್ಯಾರಾ, ಟೈಮ್ ಮಾತ್ರ ಕೊನೆಯಲ್ಲಿ. ಎಲ್ಲರಿಗೂ ಅದೇ ಪತ್ರ. ಒಂದರಲ್ಲಿ ಬೇರೆ ಕಾಲೇಜಿನ ಹೆಸರೇ ಉಳಿದುಹೋಗಿತ್ತು. ಇಂಚರಾ ತಾನೇ ಬರೆದದ್ದು ಹತ್ತು ಸಾಲು. ವಿಷಯದ ಜಾಗದಲ್ಲಿ "2026ರ ಬ್ಯಾಚ್, 100 ಬ್ರೆಸ್ಟ್ 1:04.8". ಮೊದಲ ಸಾಲಿನಲ್ಲಿ ಒಂದು ವರ್ಷದಲ್ಲಿ ಎಷ್ಟು ಸೆಕೆಂಡ್ ಇಳಿಸಿದೆ ಅನ್ನುವುದು. ಕೋಚ್‌ಗಳು ಇವತ್ತಿನ ಟೈಮ್‌ಗಿಂತ ಅದು ಯಾವ ಕಡೆ ಹೋಗುತ್ತಿದೆ ಅಂತ ನೋಡುತ್ತಾರೆ. ಆಮೇಲೆ, "ನಿಮ್ಮ ಇಬ್ಬರು ಬ್ರೆಸ್ಟ್‌ಸ್ಟ್ರೋಕ್ ಈಜುಗಾರ್ತಿಯರು 2026ರಲ್ಲಿ ಓದು ಮುಗಿಸುತ್ತಾರೆ ಅಂತ ನೋಡಿದೆ" ಅನ್ನುವ ಸಾಲು. ಇದು ಅವಳೇ ಹುಡುಕಿದ್ದು. ಮಾರ್ಕ್ಸು, ಕ್ಲಬ್ ಕೋಚ್ ನಂಬರು, ಅಷ್ಟೇ. ಬರೆದ ಕೆಲವೇ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ಉತ್ತರ ಬಂತು.

ರಿಕ್ರೂಟಿಂಗ್ ಸೇವೆಯ ಒಪ್ಪಂದವನ್ನೂ ತರಿಸಿ ಓದಿದೆ. ಸಿಗುವ ಸ್ಕಾಲರ್‌ಶಿಪ್‌ನಲ್ಲಿ ಇಷ್ಟು ಪರ್ಸೆಂಟ್ ಅಂತ ಯಾರಾದರೂ ಫೀ ಕೇಳಿದರೆ ಎನ್‌ಸಿಎಎ ಅವರನ್ನು ಏಜೆಂಟ್ ಅಂತಲೇ ನೋಡುತ್ತದೆ. ಮಗುವಿನ ಅರ್ಹತೆಗೇ ಕುತ್ತು ಬರುತ್ತದೆ. ಇವರದು ಒಂದೇ ಸಲದ ಫೀ, ಪುಣ್ಯ. ಓದಿನ ಅರ್ಹತೆಯನ್ನೂ ನೋಡಿದೆ: ಡಿವಿಷನ್ ಒಂದಕ್ಕೆ ಹೈಸ್ಕೂಲಿನಲ್ಲಿ 16 ಕೋರ್, ಅಂದರೆ ಮುಖ್ಯ ವಿಷಯಗಳು ಬೇಕು, ಅದರಲ್ಲಿ 10 ಹನ್ನೆರಡನೇ ಕ್ಲಾಸು ಶುರುವಾಗುವ ಮೊದಲೇ ಮುಗಿದಿರಬೇಕು, ಕನಿಷ್ಠ 2.3 ಜಿಪಿಎ (ಮಾರ್ಕ್ಸಿನ ಸರಾಸರಿ) ಇರಬೇಕು. ಇವಳು ಓದಿನಲ್ಲಿ ಜೋರು, ಅಲ್ಲೇನೂ ತೊಂದರೆ ಇರಲಿಲ್ಲ.

2025ರ ಮಾರ್ಚ್‌ನಲ್ಲಿ ರಾಜ್ಯದ್ದೇ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಡಿವಿಷನ್ ಒಂದು ಕೋಚ್ ಫೋನ್ ಮಾಡಿದರು. "ವಾಕ್-ಆನ್ ಜಾಗ ಇದೆ" ಅಂದರು. ಅಂದರೆ ತಂಡದಲ್ಲಿ ಜಾಗ, ದುಡ್ಡಿಲ್ಲ. ಅಪ್ಪನಿಗೆ ಆಕಾಶಕ್ಕೆ ಮೂರೇ ಗೇಣು. ನಾನು ಇಂಚರಾಗೆ ನಾಲ್ಕು ಪ್ರಶ್ನೆ ಬರೆಸಿದೆ. ನಿಮ್ಮ ಪಟ್ಟಿಯಲ್ಲಿ ಬ್ರೆಸ್ಟ್‌ಸ್ಟ್ರೋಕ್‌ಗೆ ನಾನು ಎಷ್ಟನೆಯವಳು? ಅಡ್ಮಿಶನ್‌ಗೆ ನಿಮ್ಮ ಬೆಂಬಲ ಇರುತ್ತದಾ, ಇಲ್ಲ ನನ್ನಷ್ಟಕ್ಕೆ ನಾನೇ ಸೇರಬೇಕಾ? ಮುಂದೆ ದುಡ್ಡು ಸಿಗುವ ಸಾಧ್ಯತೆ ಇದೆಯಾ? ತಂಡದ ಸಂಖ್ಯೆಗೆ ಮಿತಿ ಬಂದರೆ ನನ್ನ ಜಾಗ ಏನಾಗುತ್ತದೆ?

ಕೊನೆಯದನ್ನು ಸುಮ್ನೆ ಬರೆಸಿದ್ದಲ್ಲ. ಆಗ ಕಾಲೇಜು ಕ್ರೀಡಾಪಟುಗಳು ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಮೊಕದ್ದಮೆಯ ರಾಜಿ ಕೋರ್ಟಿನ ಮುಂದಿತ್ತು. 2025ರ ಜೂನ್ 6ಕ್ಕೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಹಳೆಯ ಸ್ಕಾಲರ್‌ಶಿಪ್ ಮಿತಿ ಹೋಯಿತು. ಮಹಿಳೆಯರ ಈಜಿಗೆ ಮೊದಲು 14 ಸ್ಕಾಲರ್‌ಶಿಪ್ ಅಂತ ಇತ್ತು, ತಂಡ ಎಷ್ಟು ದೊಡ್ಡದಾದರೂ ಆಗಬಹುದಿತ್ತು. ಈಗ ಸ್ಕಾಲರ್‌ಶಿಪ್ ಸಂಖ್ಯೆಗೆ ಬೇರೆ ಮಿತಿ ಇಲ್ಲ, ತಂಡಕ್ಕೆ 30ರ ಮಿತಿ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಏಟು ಬಿದ್ದದ್ದು ದುಡ್ಡಿಲ್ಲದೆ ತಂಡದಲ್ಲಿರುವ ಮಕ್ಕಳಿಗೇ. ಜುಲೈನಲ್ಲಿ ಆ ಕೋಚ್ ಬರೆದರು: ವಾಕ್-ಆನ್ ಜಾಗದ ಭರವಸೆ ಈಗ ಕೊಡಲಾರೆ. ಅವರು ಪ್ರಾಮಾಣಿಕವಾಗಿಯೇ ನಡೆದುಕೊಂಡರು. ಪ್ರಶ್ನೆ ಕೇಳದೆ ಇದ್ದಿದ್ದರೆ ಈ ಉತ್ತರ ಮಾರನೇ ವರ್ಷದ ಆಗಸ್ಟ್‌ನಲ್ಲಿ, ಹಾಸ್ಟೆಲ್‌ಗೆ ಸಾಮಾನು ಹಾಕಿದ ಮೇಲೆ ಸಿಗುತ್ತಿತ್ತು.

ಅಷ್ಟರಲ್ಲಿ ಪೆನ್ಸಿಲ್ವೇನಿಯಾದ ಕೋಚ್ ಇವಳ ಮಾರ್ಕ್ಸ್ ಪಟ್ಟಿಯನ್ನು ಅಡ್ಮಿಶನ್ ಕಚೇರಿಗೆ ಕೊಟ್ಟು ಪ್ರೀ-ರೀಡ್ ಮಾಡಿಸಿದ್ದರು. ಅರ್ಜಿ ಹಾಕುವ ಮೊದಲೇ ಸೀಟು ಸಿಗುವ ಸಾಧ್ಯತೆ ಹೇಗಿದೆ ಅಂತ ತಿಳಿಯುವ ದಾರಿ ಇದು. ಉತ್ತರ ಚೆನ್ನಾಗಿತ್ತು. ಆಗ ಅವಳು ಅಪ್ಪನಿಗೆ ತಾನೇ ಹೇಳಿದಳು, ನನಗೆ ಅಲ್ಲಿಗೇ ಹೋಗಬೇಕು ಅಂತ.

ಇನ್ನು ದುಡ್ಡು. ಈ ಭಾಗ ಅಮ್ಮನದು. ಡಿವಿಷನ್ ಮೂರರಲ್ಲಿ ಕ್ರೀಡೆಯ ಹೆಸರಿನಲ್ಲಿ ಒಂದು ಡಾಲರೂ ಕೊಡುವ ಹಾಗಿಲ್ಲ. ಓದಿನ ಮೇಲೆ ಮೆರಿಟ್ ಹಣ, ಅಥವಾ ಮನೆಯ ಆದಾಯ ನೋಡಿ ನೆರವು. "ನಾನು ಹೇಳಿ ಜಾಸ್ತಿ ಕೊಡಿಸ್ತೀನಿ" ಅಂತ ಡಿವಿಷನ್ ಮೂರರ ಕೋಚ್ ಯಾರಾದರೂ ಅಂದರೆ ನಂಬಬೇಡಿ. ಅಪ್ಪ ಕೇಳಿದ ಐವಿ ಲೀಗ್‌ನಲ್ಲಿ (ಹಾರ್ವರ್ಡ್, ಯೇಲ್‌ನಂಥ ಎಂಟು ಹಳೆಯ ವಿಶ್ವವಿದ್ಯಾಲಯಗಳು) ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ, ಮೆರಿಟ್ ಕೂಡ ಇಲ್ಲ, ಆದಾಯ ನೋಡಿ ಮಾತ್ರ. ಐಟಿ ಸಂಬಳದ ಮನೆಗೆ ಅಲ್ಲಿ ಸಿಗುವುದು ಕಮ್ಮಿಯೇ. ಎಚ್-4 ಮಕ್ಕಳಿಗೆ ಕೇಂದ್ರ ಸರ್ಕಾರದ ಶಿಕ್ಷಣ ನೆರವೂ ಇಲ್ಲ. ಆ ನೆರವನ್ನು ಲೆಕ್ಕದಿಂದಲೇ ತೆಗೆಸಿದೆ.

ಇದಕ್ಕಿಂತ ದೊಡ್ಡ ತೊಡಕು ಎಚ್-4ರ ವಯಸ್ಸಿನದು. 21 ತುಂಬಿದ ದಿನ ಆ ವೀಸಾ ಮುಗಿಯುತ್ತದೆ. ಇಂಚರಾಗೆ 21 ತುಂಬುವುದು ಕಾಲೇಜಿನ ಮೂರನೇ ವರ್ಷದಲ್ಲಿ. ಆಗ ವಿದ್ಯಾರ್ಥಿಗಳ ಎಫ್-1ಗೆ ಬದಲಾದರೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸ್ಥಳೀಯರ ಶುಲ್ಕ ತಪ್ಪಿಹೋಗಬಹುದು. ಅಮ್ಮ ನಾಲ್ಕು ವರ್ಷದ ಪಟ್ಟಿ ಹಾಕಿದರು. ರಾಜ್ಯದ ವಿಶ್ವವಿದ್ಯಾಲಯಕ್ಕೆ ಊಟ ವಸತಿ ಸೇರಿ ವರ್ಷಕ್ಕೆ 25 ಸಾವಿರ ಡಾಲರ್ ಆಸುಪಾಸು, ಕೊನೆಗೆ ಹೊರರಾಜ್ಯದವರ ಶುಲ್ಕ, ಅಂದರೆ ದುಪ್ಪಟ್ಟು. ಪೆನ್ಸಿಲ್ವೇನಿಯಾದ್ದು ಮೆರಿಟ್ ಕಳೆದು ವರ್ಷಕ್ಕೆ 36 ಸಾವಿರ, ವೀಸಾ ಬದಲಾದರೂ ಅಷ್ಟೇ. ಒಟ್ಟು ಕೂಡಿಸಿದಾಗ ಖಾಸಗಿ ಕಾಲೇಜೇ ಸ್ವಲ್ಪ ದುಬಾರಿ, ಆದರೆ ಅಂತರ ಅವರು ಹೆದರಿದಷ್ಟಿರಲಿಲ್ಲ. ರಾಜ್ಯದ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯ ಕ್ಲಬ್ ತಂಡದಲ್ಲಿ ಈಜುವುದೂ ಒಳ್ಳೆಯ ದಾರಿಯೇ ಅಂತ ನಾನು ಸ್ಪಷ್ಟವಾಗಿ ಹೇಳಿದ್ದೆ. ಮೂವರೂ ಎರಡು ವಾರ ತಗೊಂಡು ಪೆನ್ಸಿಲ್ವೇನಿಯಾ ಅಂದರು.

ಅಲ್ಲಿಯ ಕೋಚ್ ಅರ್ಲಿ ಡಿಸಿಷನ್‌ನಲ್ಲಿ ಅರ್ಜಿ ಹಾಕು ಅಂದರು. ಸೀಟು ಸಿಕ್ಕರೆ ಸೇರಲೇಬೇಕು ಅನ್ನುವ ಒಪ್ಪಂದ ಅದು. ಬೇರೆ ಕಾಲೇಜಿನ ದುಡ್ಡಿನ ಜೊತೆ ಹೋಲಿಸುವ ಅವಕಾಶ ಇರುವುದಿಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಹಣಕಾಸು ಕಚೇರಿಗೆ ಮೂರು ಪ್ರಶ್ನೆ ಕಳಿಸಿ ಲಿಖಿತ ಉತ್ತರ ತರಿಸಿಕೊಳ್ಳಿ ಅಂದೆ. ಅಂದಾಜು ಮೆರಿಟ್ ಎಷ್ಟು, ಉಳಿಸಿಕೊಳ್ಳಲು ಎಷ್ಟು ಜಿಪಿಎ ಬೇಕು, ಎಫ್-1ಗೆ ಬದಲಾದರೆ ಮತ್ತು ಈಜು ಬಿಟ್ಟರೆ ಆ ಹಣ ಮುಂದುವರಿಯುತ್ತದಾ. 3.0 ಜಿಪಿಎ ಬೇಕು, ವೀಸಾಕ್ಕೂ ಈಜಿಗೂ ಸಂಬಂಧ ಇಲ್ಲ ಅಂತ ಉತ್ತರ ಬಂತು. ಮಂಡಿ ನೋವಿಂದ ಒಂದು ಸೀಸನ್ ಕೂತರೂ ಓದಿಗೆ ಧಕ್ಕೆ ಇಲ್ಲ ಅಂತ ಗೊತ್ತಾದಾಗಲೇ ಅಮ್ಮ ನಿರಾಳವಾದರು.

2025ರ ಡಿಸೆಂಬರ್‌ನಲ್ಲಿ ಸೀಟು ಸಿಕ್ಕಿತು. ವೀಸಾ ಪ್ರಶ್ನೆ ನನ್ನ ಕೈಯಲ್ಲಿ ಬಗೆಹರಿಯುವಂಥದ್ದಲ್ಲ, ಇಮಿಗ್ರೇಶನ್ ವಕೀಲರ ಹತ್ತಿರ ಕಳಿಸಿದ್ದೇನೆ. 21 ತುಂಬುವುದಕ್ಕೆ ತಿಂಗಳುಗಳ ಮೊದಲೇ ಎಫ್-1 ಅರ್ಜಿ ಶುರು ಮಾಡಬೇಕು, ಮೊದಲ ಸೆಮಿಸ್ಟರ್‌ನಲ್ಲೇ ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಗೆ ಹೋಗಿ ಪರಿಚಯ ಮಾಡಿಕೊಂಡಿರಬೇಕು ಅಂತ ಇಂಚರಾಗೆ ಹೇಳಿದ್ದೇನೆ. ಆ ತಾರೀಖುಗಳನ್ನು ಅಪ್ಪನ ಫೈಲಿನಲ್ಲಿ ಅಲ್ಲ, ತನ್ನ ಕ್ಯಾಲೆಂಡರ್‌ನಲ್ಲಿ ಹಾಕಿಕೊಂಡಿದ್ದಾಳೆ.