“ಕನ್ನಡದಲ್ಲಿ ಅರ್ಥವಾದರೆ ಲೆಕ್ಕಕ್ಕಿಲ್ಲ ಅಲ್ಲವೇ ಮೇಡಂ?”

ಈ ಪ್ರಕರಣವನ್ನು ಬರೆಯಲು ಹುಡುಗಿಯ ಒಪ್ಪಿಗೆ ಎಂದೋ ಸಿಕ್ಕಿತ್ತು. ತಡವಾದದ್ದು ಅವಳ ನಂತರ ಬಂದ ಒಬ್ಬ ಹುಡುಗನಿಂದ. ಅವನ ವಿಷಯವನ್ನು ಕೊನೆಗೆ ಹೇಳುತ್ತೇನೆ. ಅದನ್ನು ಮುಚ್ಚಿಟ್ಟು ಇವಳದನ್ನು ಮಾತ್ರ ಹೇಳಿದರೆ ನನ್ನ ಬೆನ್ನು ನಾನೇ ತಟ್ಟಿಕೊಂಡಂತಾಗುತ್ತದೆ.

ಇವಳನ್ನು ಪದ್ಮಾ ಎನ್ನೋಣ. ಹೆಸರು ಮಾತ್ರವಲ್ಲ, ಗುರುತು ಹತ್ತಬಹುದಾದ ಬೇರೆ ವಿವರಗಳನ್ನೂ ಬದಲಿಸಿದ್ದೇನೆ. ಮಂಡ್ಯದ ಕಡೆಯ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜು. ವಾರಕ್ಕೆ ಎರಡು ದಿನ ಅಲ್ಲಿಗೆ ಆಪ್ತಸಲಹೆಗೆಂದು ಹೋಗುತ್ತೇನೆ. ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ, ವಾಲಿಬಾಲ್ ನೆಟ್ಟು ಮತ್ತು ಹರಿದ ಕೇರಂ ಬೋರ್ಡುಗಳ ನಡುವೆ ನನ್ನ ಮೇಜು. ಪದ್ಮಾ ಬಿ.ಎ. ಮೊದಲ ವರ್ಷದವಳು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು, ತಂದೆ ಇಲ್ಲ, ಕೆಳಗೆ ಇಬ್ಬರು ತಂಗಿಯರು. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ವಾರವೇ ಅವಳು ಟಿ.ಸಿ. ಕೊಡಿ ಎಂದು ಕಚೇರಿಗೆ ಅರ್ಜಿ ಹಾಕಿದ್ದಳು. ಎಲ್ಲ ವಿಷಯಗಳೂ ಪಾಸು, ಇಂಗ್ಲಿಷ್ ಮಾತ್ರ ಲಿಖಿತ ಪರೀಕ್ಷೆಯಲ್ಲಿ 60ಕ್ಕೆ 17. ಅರ್ಜಿಗೆ ತಾಯಿಯ ಸಹಿಯೂ ಇತ್ತು. ಟಿ.ಸಿ. ಬರೆಯುವ ಮುನ್ನ ಒಮ್ಮೆ ಮೇಡಂ ಹತ್ತಿರ ಮಾತನಾಡಿ ಬಾ ಎಂದು ಕಳಿಸಿದ ಕಚೇರಿಯ ಗುಮಾಸ್ತರಿಗೆ ನಾನು ಇಂದಿಗೂ ಕೃತಜ್ಞಳು.

ಮೊದಲ ಎರಡು ಭೇಟಿಗಳನ್ನು ನಾನು ವ್ಯರ್ಥ ಮಾಡಿದೆ. ಪರೀಕ್ಷೆಯ ಭಯ ಎಂದು ತೀರ್ಮಾನಿಸಿ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಹೇಳಿದಂತೆಯೇ ಮಾಡಿದಳು, ಕಣ್ಣು ಮುಚ್ಚು ಎಂದರೆ ಮುಚ್ಚಿದಳು. ವಿಧೇಯ ಮಕ್ಕಳು ನಮ್ಮನ್ನು ಎಷ್ಟು ಸುಲಭವಾಗಿ ಮೋಸಗೊಳಿಸುತ್ತಾರೆ! ಹೊರಡುವಾಗ ಎರಡೂ ಸಲ “ಟಿ.ಸಿ. ಯಾವಾಗ ಸಿಗುತ್ತದೆ ಮೇಡಂ?” ಎಂದೇ ಕೇಳಿದಳು.

ಮೂರನೆಯ ಭೇಟಿಗೆ ಅವಳು ಬರೆದಿದ್ದ ಪ್ರಶ್ನೆಪತ್ರಿಕೆಯ ಪ್ರತಿಯನ್ನೇ ತರಿಸಿಕೊಂಡು ಮೇಜಿನ ಮೇಲಿಟ್ಟೆ. ಅದರಲ್ಲಿ ಹತ್ತು ಅಂಕಗಳ ಒಂದು ಗದ್ಯಭಾಗ. ಓದಿ, ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಬೇಕು. ಪಠ್ಯದಲ್ಲಿ ಇಲ್ಲದ ಗದ್ಯವಾದ್ದರಿಂದ ಗೈಡಿನಲ್ಲಿ ಉತ್ತರ ಸಿಗುವುದಿಲ್ಲ. ಪದ್ಮಾ ಅದನ್ನು ಪೂರ್ತಿ ಖಾಲಿ ಬಿಟ್ಟಿದ್ದಳು. ಹತ್ತರಲ್ಲಿ ಅರ್ಧದ ಮೇಲೆ ಒಂದೆರಡು ಅಂಕ ಬಂದಿದ್ದರೂ ದಡ ಸೇರುತ್ತಿದ್ದಳು.

ಗದ್ಯ ಉಪ್ಪಿನ ಬಗ್ಗೆ, ಹನ್ನೆರಡು ಸಾಲು. ಹಿಂದಿನ ಕಾಲದಲ್ಲಿ ಉಪ್ಪಿಗಿದ್ದ ಬೆಲೆ, ಅದನ್ನು ಸಾಗಿಸಲೆಂದೇ ಹುಟ್ಟಿದ ದಾರಿಗಳು, ಸ್ಯಾಲರಿ ಎಂಬ ಪದದ ಲ್ಯಾಟಿನ್ ಬೇರಿನಲ್ಲಿ ಉಪ್ಪು ಇರುವುದು, 1930ರಲ್ಲಿ ಗಾಂಧೀಜಿ ದಂಡಿಗೆ ನಡೆದದ್ದು. ಬೆರಳಿಟ್ಟು ನಿಧಾನವಾಗಿ ಓದಿದಳು. ಮುಗಿಸಿದ ಮೇಲೆ ನಾನು ಹೆಚ್ಚೇನೂ ಯೋಚಿಸದೆ, “ಏನಂತೆ ಉಪ್ಪಿನ ಸಮಾಚಾರ?” ಎಂದೆ.

ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳತೊಡಗಿದಳು. “ಹಿಂದೆ ಉಪ್ಪು ಬಂಗಾರದ ಹಾಗೆ ಇತ್ತಂತೆ ಮೇಡಂ. ಮೀನು ಮಾಂಸ ಕೆಡದ ಹಾಗೆ ಇಡುವುದಕ್ಕೆ ಬೇಕಿತ್ತಂತೆ. ಸಂಬಳ ಎನ್ನುವ ಮಾತೇ ಉಪ್ಪಿನಿಂದ ಬಂದದ್ದಂತೆ. ನಮ್ಮಲ್ಲಿ ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುವುದಿಲ್ಲವೇ, ಆ ಥರ.”

ಗದ್ಯದಲ್ಲಿ ಉಪ್ಪಿನ ಋಣದ ಮಾತಿರಲಿಲ್ಲ. ಅದು ಅವಳದೇ ಸೇರ್ಪಡೆ. ಕೆಡದಂತೆ ಇಡುವುದು ಎಂಬುದಕ್ಕೆ ಅಲ್ಲಿ ‘ಪ್ರಿಸರ್ವ್’ ಎಂಬ ಪದವಿತ್ತು. ಆ ಪದ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ.

“ಇಲ್ಲ ಮೇಡಂ. ಉಪ್ಪು ಹಾಕಿ ಮೀನಿಗೆ ಇನ್ನೇನು ಮಾಡುತ್ತಾರೆ?”

ನನಗೆ ನಗು ಬಂತು, ಅವಳೂ ನಕ್ಕಳು. ಮೂರು ಭೇಟಿಗಳಲ್ಲಿ ಅದೇ ಮೊದಲು. ಇಷ್ಟು ಚೆನ್ನಾಗಿ ಅರ್ಥವಾಗಿದ್ದನ್ನು ಪರೀಕ್ಷೆಯಲ್ಲಿ ಯಾಕೆ ಬಿಟ್ಟೆ ಎಂದು ಕೇಳಿದಾಗ ನಗು ನಿಂತಿತು. ದುಪಟ್ಟಾದ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಕುಳಿತಳು. ನಂತರ ಕೇಳಿದ್ದೇ ಈ ಬರಹದ ತಲೆಯ ಮೇಲಿರುವ ಮಾತು: “ಕನ್ನಡದಲ್ಲಿ ಅರ್ಥವಾದರೆ ಲೆಕ್ಕಕ್ಕಿಲ್ಲ ಅಲ್ಲವೇ ಮೇಡಂ?”

ಬಿಡಿಸಿ ಕೇಳಿದೆ. ಇಂಗ್ಲಿಷಿನಲ್ಲೇ ಯೋಚಿಸಿ, ಕನ್ನಡದಲ್ಲಿ ಯೋಚಿಸಿದರೆ ಇಂಗ್ಲಿಷ್ ಬರುವುದಿಲ್ಲ ಎಂದು ತರಗತಿಯಲ್ಲಿ ಮೊದಲ ದಿನವೇ ಹೇಳಿದ್ದರಂತೆ. ಪರೀಕ್ಷೆಯ ಕೊಠಡಿಯಲ್ಲೂ ಆ ಗದ್ಯ ಅವಳಿಗೆ ಹೀಗೆಯೇ ಅರ್ಥವಾಗಿತ್ತು. ಆದರೆ ಅರ್ಥವಾದದ್ದು ಕನ್ನಡದಲ್ಲಿ. ಅದು ಸರಿಯಾದ ಅರ್ಥವಲ್ಲ, ಕಳ್ಳದಾರಿಯ ಅರ್ಥ ಎಂದುಕೊಂಡು ಮತ್ತೆ ಓದಿದಳು. ಮತ್ತೂ ಓದಿದಳು. “ಇಂಗ್ಲಿಷಿನಲ್ಲಿ ಅರ್ಥವಾಗಲಿ ಎಂದು ಕಾಯುತ್ತಿದ್ದೆ ಮೇಡಂ. ಗಂಟೆ ಹೊಡೆದುಬಿಟ್ಟರು.”

ಇಪ್ಪತ್ತು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಅಳುವವರನ್ನು ಕಂಡು ಅಭ್ಯಾಸವಾಗಿದೆ. ಆದರೆ ಈ ಮಾತಿಗೆ ಏನು ಹೇಳಬೇಕೆಂದು ತಕ್ಷಣ ತೋಚಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ ತನಗೆ ತಿಳಿದದ್ದನ್ನು ತಿಳಿದಿಲ್ಲವೆಂದು ಪಕ್ಕಕ್ಕಿಟ್ಟು, ಬಾರದ ಬಸ್ಸಿಗೆ ಕಾಯುವಂತೆ ಇನ್ನೊಂದು ತಿಳಿವಳಿಕೆಗೆ ಕಾಯುತ್ತ ಕುಳಿತಿದ್ದಳು.

ಅವಳ ಇಂಗ್ಲಿಷಿನ ಹಿನ್ನೆಲೆಯನ್ನೂ ಸ್ವಲ್ಪ ಹೇಳಬೇಕು. ರಾಜ್ಯದ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಹಾಗಾಗಿ ಪದ್ಮಾ ಹನ್ನೆರಡು ವರ್ಷ ಇಂಗ್ಲಿಷ್ ಓದಿದವಳೇ. ಆದರೆ ಅವಳದು 2021ರ ಎಸ್ಸೆಸ್ಸೆಲ್ಸಿ ತಂಡ. ಕೊರೊನಾ ಕಾರಣಕ್ಕೆ ಆ ವರ್ಷ ಪರೀಕ್ಷೆ ಎರಡೇ ದಿನ, ಎಲ್ಲವೂ ಬಹು ಆಯ್ಕೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನೂ ಬರೆಯದೆ, ಓಎಂಆರ್ ಹಾಳೆಯ ಗೋಲಗಳನ್ನು ತುಂಬಿ ಹೊರಬಂದವರು ಅವರು. ಪಿಯುಸಿಯನ್ನು ‘ಪಾಸಿಂಗ್ ಪ್ಯಾಕೇಜ್’ ದಾಟಿಸಿತು: ಇಷ್ಟು ಪ್ರಶ್ನೆ ಬಾಯಿಪಾಠ ಮಾಡಿ, ಇಷ್ಟು ಅಂಕ ಖಚಿತ. ಆ ಕಟ್ಟುಗಳನ್ನು ಸಿದ್ಧಪಡಿಸುವ ಶಿಕ್ಷಕರನ್ನು ಹಳಿಯಲಾರೆ, ಎಷ್ಟೋ ಮಕ್ಕಳನ್ನು ಅವು ದಡ ಮುಟ್ಟಿಸಿವೆ. ಆದರೆ ಪದವಿಗೆ ಬಂದಾಗ ಬಾಯಿಪಾಠದ ಹೊರಗಿನ ಹತ್ತು ಅಂಕ ಎದುರಾಗುತ್ತದೆ, ಕೈ ನಡುಗುತ್ತದೆ. ಇದರ ಜೊತೆಗೆ ಇನ್ನೊಂದು ಸಣ್ಣ ಸಂಗತಿ. ಶಕ್ತಿ ಯೋಜನೆಯಿಂದ ಪದ್ಮಾಳ ಬಸ್ಸು ಉಚಿತವಾಗಿತ್ತು, ಆದರೆ ಊರಿಗೆ ಬೆಳಿಗ್ಗೆ ಬರುವ ಬಸ್ಸು ಒಂದೇ. ಅದು ಕಾಲೇಜು ಮುಟ್ಟುವಾಗ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಇಂಗ್ಲಿಷ್ ಇದ್ದದ್ದು ಮೊದಲ ಪೀರಿಯಡ್ಡಿಗೇ.

ನಾನು ಕೊಟ್ಟ ಸಲಹೆ ಇಷ್ಟು. ದಿನಕ್ಕೆ ಒಂದು ಗದ್ಯ, ಹಳೆಯ ಪ್ರಶ್ನೆಪತ್ರಿಕೆಗಳಿಂದ. ಓದಿದ್ದನ್ನು ಮೊದಲು ಕನ್ನಡದಲ್ಲಿ ಯಾರಿಗಾದರೂ ಹೇಳಬೇಕು. ಯಾರಿಗೆ ಎಂದು ಕೇಳಿದಳು. ಅವ್ವನಿಗೆ ಹೇಳು ಎಂದೆ. ಅವರು ಸಂಜೆ ಅವರೆಕಾಯಿ ಸುಲಿಯುತ್ತಾ ಕುಳಿತಿರುವಾಗ ಹೇಳು. ಅವ್ವ ನಡುವೆ ಪ್ರಶ್ನೆ ಕೇಳಿದರೆ ಇನ್ನೂ ಒಳ್ಳೆಯದು. ಉತ್ತರ ಗೊತ್ತಿಲ್ಲದಿದ್ದರೆ ಮತ್ತೆ ಗದ್ಯಕ್ಕೆ ಹೋಗಿ ಹುಡುಕು. ಅದಾದ ಮೇಲೆಯೇ ಪೆನ್ನು ಹಿಡಿಯುವುದು. ಉತ್ತರ ಬರೆಯುವಾಗ ಚಿಕ್ಕ ವಾಕ್ಯ: ಯಾರು, ಏನು ಮಾಡಿದರು, ಯಾವುದನ್ನು. ಕನ್ನಡದಲ್ಲಿ ಕೊನೆಗೆ ಬರುವ ಕ್ರಿಯಾಪದವನ್ನು ಎತ್ತಿ ಎರಡನೆಯ ಜಾಗದಲ್ಲಿ ಕೂರಿಸಬೇಕು. ‘ಎ’, ‘ದಿ’ಗಳ ಚಿಂತೆ ಬರೆಯುವಾಗ ಬೇಡ. ಕನ್ನಡದಲ್ಲಿ ಅವು ಇಲ್ಲವೇ ಇಲ್ಲ, ಬರೆಯುವ ಭರದಲ್ಲಿ ಅವುಗಳ ನೆನಪು ಬರುವುದೂ ಇಲ್ಲ. ಎಲ್ಲ ಮುಗಿದ ಮೇಲೆ ಒಂದೊಂದು ನಾಮಪದದ ಮುಂದೆಯೂ ಬೆರಳಿಟ್ಟು, ಇಲ್ಲಿ ಏನಾದರೂ ಬೇಕೇ ಎಂದು ನೋಡಿದರೆ ಸಾಕು. ಗೈಡನ್ನು ಎಸೆಯಬೇಡ, ಆದರೆ ಮೊದಲು ಅದನ್ನು ತೆರೆಯಬೇಡ.

ಇದು ಇಂಗ್ಲಿಷ್ ವಿಭಾಗಕ್ಕೆ ತಲುಪಿದಾಗ ಹಿರಿಯ ಅಧ್ಯಾಪಕರೊಬ್ಬರು ನನ್ನ ಕೋಣೆಗೇ ಬಂದರು. “ಮನಸ್ಸಿನ ವಿಷಯ ನೀವು ನೋಡಿಕೊಳ್ಳಿ ಮೇಡಂ, ಭಾಷೆಯ ವಿಷಯ ನಮಗೆ ಬಿಡಿ. ನೀವು ಹೀಗೆ ಹೇಳಿ ಕಳಿಸಿದರೆ ಅವರು ಏನು ಬರೆಯುತ್ತಾರೆ ಗೊತ್ತೇ?” ಎಂದು ಪದ್ಮಾಳ ಕಿರುಪರೀಕ್ಷೆಯ ಹಾಳೆಯನ್ನು ಮುಂದಿಟ್ಟರು. ತನ್ನ ಕುಟುಂಬದ ಬಗ್ಗೆ ಬರೆ ಎಂದರೆ ಅವಳು ‘ಟು ಮಿ ಟೂ ಸಿಸ್ಟರ್ಸ್ ಆರ್ ದೇರ್’ ಎಂದು ಬರೆದಿದ್ದಳು. ನನಗೆ ಇಬ್ಬರು ತಂಗಿಯರು ಇದ್ದಾರೆ ಎಂಬುದರ ನೆರಳು ಅಕ್ಷರಕ್ಕೆ ಅಕ್ಷರ.

ಅವರು ಹೇಳಿದ್ದು ತಪ್ಪಲ್ಲ. ಕನ್ನಡದ ‘ನನಗೆ’ ಇಂಗ್ಲಿಷಿಗೆ ಹಾಗೇ ದಾಟುವುದಿಲ್ಲ. ನಮಗೆ ಹಸಿವಾಗುತ್ತದೆ, ಜ್ವರ ಬರುತ್ತದೆ, ತಂಗಿಯರು ಇರುತ್ತಾರೆ. ಇಂಗ್ಲಿಷಿನಲ್ಲಿ ಮನುಷ್ಯನೇ ಕರ್ತೃವಾಗಿ ಮುಂದೆ ನಿಲ್ಲಬೇಕು. ‘ನಾಳೆ ಹೋಗುತ್ತೇನೆ’, ‘ದಿನಾ ಹೋಗುತ್ತೇನೆ’ ಎರಡಕ್ಕೂ ನಮಗೆ ಒಂದೇ ರೂಪ ಸಾಕು, ಇಂಗ್ಲಿಷಿಗೆ ಸಾಲದು. ನಮ್ಮ ‘ಅಲ್ಲವೇ’ ಯಾವ ವಾಕ್ಯದ ಹಿಂದೆಯೂ ಹೋಗಿ ಕೂರುತ್ತದೆ. ಅಲ್ಲಿ ವಾಕ್ಯ ಹೌದು ಎಂದರೆ ಬಾಲ ಇಲ್ಲ ಎನ್ನಬೇಕು, ವಾಕ್ಯ ಇಲ್ಲ ಎಂದರೆ ಬಾಲ ಹೌದು ಎನ್ನಬೇಕು, ಸಾಲದ್ದಕ್ಕೆ ಕ್ರಿಯಾಪದಕ್ಕೆ ತಕ್ಕಂತೆ ವೇಷವನ್ನೂ ಬದಲಿಸಬೇಕು. ಇವೆಲ್ಲ ಕನ್ನಡದಿಂದಲೇ ಬರುವ ತಪ್ಪುಗಳು, ಒಪ್ಪಿದೆ. ನನ್ನ ಉತ್ತರ ಒಂದೇ ಆಗಿತ್ತು: ಈ ತಪ್ಪನ್ನು ತಿದ್ದಬಹುದು ಸರ್, ಖಾಲಿ ಹಾಳೆಯನ್ನು ಹೇಗೆ ತಿದ್ದುತ್ತೀರಿ?

ಸ್ವಲ್ಪ ಖಾರವಾಗಿಯೇ ಹೇಳಿದೆನೇನೋ. ತೊಂಬತ್ತು ಮಕ್ಕಳ ತರಗತಿಗೆ ಪಾಠ ಮಾಡುವವರಿಗೆ ಒಬ್ಬೊಬ್ಬರ ತಲೆಯೊಳಗೆ ಏನು ನಡೆದಿದೆ ಎಂದು ನೋಡಲು ಪುರುಸೊತ್ತು ಎಲ್ಲಿ? ಇಂಗ್ಲಿಷಿನಲ್ಲೇ ಯೋಚಿಸಿ ಎಂಬುದು ಈಗಾಗಲೇ ಒಂದಿಷ್ಟು ಇಂಗ್ಲಿಷ್ ಬಂದವರಿಗೆ ಒಳ್ಳೆಯ ಮಾತೇ. ಆದರೆ ಮೊದಲ ಮೆಟ್ಟಿಲಲ್ಲಿ ನಿಂತವರಿಗೆ ಯೋಚಿಸಲು ಇರುವುದು ಒಂದೇ ಭಾಷೆ, ಅದನ್ನೂ ಕಿತ್ತುಕೊಂಡರೆ ಅವರು ಯೋಚಿಸುವುದನ್ನೇ ನಿಲ್ಲಿಸುತ್ತಾರೆ. ಬಿ.ಎಂ.ಶ್ರೀ, ಗೋಕಾಕ, ಅಡಿಗ, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟರುಗಳೇ. ಅವರಿಗೆ ಎರಡು ಭಾಷೆಗಳ ನಡುವೆ ಓಡಾಡಲು ನಾಚಿಕೆಯಾಗಲಿಲ್ಲ. ಹಾಗಿರುವಾಗ ಪದ್ಮಾಳಂಥವರು ಯಾಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಬೇಕು?

ಆ ಅಧ್ಯಾಪಕರು ಮರುವಾರ ಮತ್ತೆ ಬಂದರು, ಕೈಯಲ್ಲಿ ಐದು ಹಳೆಯ ಪ್ರಶ್ನೆಪತ್ರಿಕೆ. ಮಾತು ಬೆಳೆಸಲಿಲ್ಲ. ಪದ್ಮಾಳ ತಪ್ಪುಗಳನ್ನು ಮಧ್ಯಾಹ್ನ ಊಟದ ಹೊತ್ತಿನಲ್ಲಿ ತಾನೇ ತಿದ್ದುತ್ತೇನೆ ಎಂದರು, ತಿದ್ದಿದರು ಕೂಡ. ಅವನು ಬಂದನು, ಅವಳು ಬಂದಳು, ಅವು ಬಂದವು ಎಂದು ಇಷ್ಟು ಬಗೆಯ ಬಾಲ ಹಚ್ಚುವ ನಮಗೆ ಅವರ ಒಂದು ‘ಎಸ್’ ಹಚ್ಚುವುದು ಏನು ಭಾರ ಎಂದು ಅವಳಿಗೆ ಹೇಳಿಕೊಟ್ಟವರು ಅವರೇ. ಅದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು, ಇಷ್ಟು ಒಳ್ಳೆಯ ಮಾತು ನನಗೆ ಹೊಳೆದಿರಲಿಲ್ಲವಲ್ಲ ಎಂದು.

ಪದ್ಮಾ ಟಿ.ಸಿ. ಅರ್ಜಿ ಹಿಂತೆಗೆದುಕೊಂಡಳು. ಬ್ಯಾಕ್ ಉಳಿದಿದ್ದ ಪತ್ರಿಕೆಯನ್ನು ಮತ್ತೆ ಕಟ್ಟಿ ಪಾಸಾದಳು, ಬಹಳ ದೊಡ್ಡ ಅಂಕವೇನಲ್ಲ. ಗದ್ಯಭಾಗದ ಐದೂ ಪ್ರಶ್ನೆಗಳಿಗೆ ಉತ್ತರ ಬರೆದೆ ಎಂದು ಹೇಳಲು ಬಂದಿದ್ದಳು. ಸರಿಯಾಯಿತೋ ತಪ್ಪಾಯಿತೋ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ಆ ಹುಡುಗ. ಮರುವರ್ಷ ಬಂದವನು, ಅವನಿಗೂ ಇಂಗ್ಲಿಷ್ ಹೋಗಿತ್ತು, ಅವನೂ ಗದ್ಯ ಬಿಟ್ಟಿದ್ದ. ನನಗೆ ಆಗಲೇ ಉತ್ತರ ಸಿದ್ಧವಿತ್ತು. ಓದು, ಕನ್ನಡದಲ್ಲಿ ಮನೆಯವರಿಗೆ ಹೇಳು, ಆಮೇಲೆ ಬರೆ. ಅವನು “ಆಯಿತು ಮೇಡಂ” ಎಂದ. ಮುಂದಿನ ವಾರವೂ “ಆಯಿತು ಮೇಡಂ”. ನಾಲ್ಕನೆಯ ವಾರ ಬರಲಿಲ್ಲ. ಫೋನ್ ಮಾಡಿದಾಗ ಗೂಡ್ಸ್ ಆಟೋದಲ್ಲಿ ಎಲ್ಲೋ ಲೋಡ್ ಇಳಿಸುತ್ತಿದ್ದ. ಸಿಟ್ಟಿಲ್ಲದ ದನಿಯಲ್ಲಿ ಹೇಳಿದ: “ಕನ್ನಡದಲ್ಲಿ ಹೇಳು ಎಂದಿರಿ ಮೇಡಂ. ಅದರಲ್ಲಿ ಏನು ಬರೆದಿದೆ ಎಂದು ಓದಲು ಬಂದರಲ್ಲವೇ ಹೇಳುವುದು?”

ಅವನಿಗೆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಲು ಬರುತ್ತಿರಲಿಲ್ಲ. ಕೆಲವು ಪದಗಳನ್ನು ಮುಖ ನೋಡಿ ಗುರುತಿಸುತ್ತಿದ್ದ, ಅಷ್ಟೇ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಒಂದೊಂದು ಕಡೆ ಒಂದೊಂದು ದನಿ ಕೊಡುತ್ತದೆ. ಆ ಗಂಟನ್ನು ಅವನಿಗೆ ಯಾರೂ ಬಿಡಿಸಿರಲಿಲ್ಲ. ಮೂರಕ್ಷರದ ಪದಗಳಿಂದ ಶುರು ಮಾಡಿಸಬೇಕಿತ್ತು. ಅವನಿಗೆ ಬೇಕಿದ್ದದ್ದು ಹಳೆಯ ಪ್ರಶ್ನೆಪತ್ರಿಕೆಯಲ್ಲ, ಪ್ರಾಥಮಿಕ ಶಾಲೆಯ ಇಂಗ್ಲಿಷ್ ಪುಸ್ತಕ. ಸರ್ಕಾರದ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ, ಮೊಬೈಲಿಗೆ ಇಳಿಸಿಕೊಟ್ಟಿದ್ದರೆ ಯಾರ ಮುಂದೆಯೂ ಹಿಡಿದು ಕೂರಬೇಕಾದ ಮುಜುಗರವೂ ಇರುತ್ತಿರಲಿಲ್ಲ. ಆದರೆ ಪದ್ಮಾಳ ಗೆಲುವಿನ ಗುಂಗಿನಲ್ಲಿದ್ದ ನಾನು ಅವನಿಂದ ಒಂದು ಸಾಲನ್ನೂ ಓದಿಸಿರಲಿಲ್ಲ.

ಮೊಬೈಲಿಗೆ ಆ ಪುಸ್ತಕ ಕಳಿಸಿದೆ. ನೋಡಿದ್ದಾನೆ ಎಂಬ ನೀಲಿ ಗುರುತು ಬಂತು, ಉತ್ತರ ಬರಲಿಲ್ಲ.

ಈಗ ಇಂಗ್ಲಿಷ್ ಹೋಯಿತು ಎಂದು ಯಾರೇ ಬಂದರೂ ಮೊದಲು ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡುತ್ತೇನೆ. ಆಮೇಲೆ ನಾಲ್ಕು ಸಾಲಿನ ಒಂದು ಹಾಳೆ ಕೊಟ್ಟು, ಗಟ್ಟಿಯಾಗಿ ಓದು, ತಪ್ಪಾದರೆ ಆಗಲಿ ಎನ್ನುತ್ತೇನೆ. ಓದಲು ಬಂದವರಿಗೆ ಉಪ್ಪಿನ ಸಮಾಚಾರ ಕೇಳುತ್ತೇನೆ. ಬಾರದವರ ಜೊತೆ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕೂರುತ್ತೇನೆ.