ಶನಿವಾರದ ಹೊಟ್ಟೆನೋವು, ಎರಡು ನೋಟ್‌ಬುಕ್ಕು

ಎಂಟನೇ ತರಗತಿ ಹುಡುಗಿ, 13 ವರ್ಷ. ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಸೀಮೆ, ಮನೆಮಾತು ತೆಲುಗು, ಅಮ್ಮ ಪೌರಕಾರ್ಮಿಕರು. (ಗುರುತು ಸಿಗದಂತೆ ವಿವರ ಬದಲಿಸಿದೆ.) ಶನಿವಾರ ಬಂತೆಂದರೆ ಹೊಟ್ಟೆನೋವು. ಡಾಕ್ಟರು ಏನೂ ತೊಂದರೆಯಿಲ್ಲ ಎಂದ ಮೇಲೆ ಅಮ್ಮ ನಮ್ಮಲ್ಲಿಗೆ ಆಪ್ತಸಲಹೆಗೆ ಕರೆತಂದರು. ವಿಷಯ ಹೊರಬಿದ್ದದ್ದು ಎರಡನೇ ಭೇಟಿಯಲ್ಲಿ: ಶಾಲೆಯ ಶೌಚಾಲಯ ತೊಳೆಯಲು ಪ್ರತಿ ಶನಿವಾರ ಕರೆಯುವುದು ಇವಳನ್ನು, ಇವಳದೇ ಕೇರಿಯ ಇನ್ನಿಬ್ಬರನ್ನು. "ನಿಮಗೆ ರೂಢಿ ಇರುತ್ತಲ್ಲ" ಎಂಬ ಮಾತು ಬೇರೆ. ಅದಕ್ಕೆ ತರಗತಿಯ ನಗು.

ನಡೆದದ್ದನ್ನು ಬರೆ ಎಂದರೆ ಹತ್ತು ನಿಮಿಷ ಹಾಳೆ ಖಾಲಿ. ಒತ್ತಕ್ಷರ ತಪ್ಪಿದರೆ ನಗುತ್ತಾರೆಂಬ ಅಂಜಿಕೆ. ತೆಲುಗನ್ನೇ ಕನ್ನಡ ಅಕ್ಷರದಲ್ಲಿ ಬರೆಯಲು ಹೇಳಿದೆವು. ಮೊದಲ ಸಾಲು: "ನನ್ನೇ ಎಂದುಕು ಪಿಲುಸ್ತಾರು?" (ನನ್ನನ್ನೇ ಯಾಕೆ ಕರೀತಾರೆ?) ಗಡಿಭಾಗದ ಮಕ್ಕಳಿಗೆ ಮೊದಲ ದಿನವೇ ಹೀಗೆ ಹೇಳಿದರೆ ಒಂದು ಭೇಟಿ ಉಳಿಯುತ್ತದೆ.

ನೋಟ್‌ಬುಕ್ ಎರಡಿರಲಿ ಎಂದೆವು. ಒಂದರಲ್ಲಿ ದಿನಕ್ಕೆ 15 ನಿಮಿಷ, ಸತತ 4 ದಿನ, ಕಾಗುಣಿತ ನೋಡದೆ ಮನಸ್ಸಿಗೆ ಬಂದದ್ದು. ಅದನ್ನು ನಾವೂ ಓದುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ, ನೋವಿನ ಅನುಭವ ಬರೆಸಿ ನೋಡಿದ ಪ್ರಯೋಗದ ಅಳತೆ ಇದೇ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗುವುದುಂಟು, ಆದ್ದರಿಂದ ಅಮ್ಮ ಮನೆಯಲ್ಲಿರುವ ಹೊತ್ತಲ್ಲೇ ಬರೆಯಬೇಕು. ನಿದ್ದೆ ಕೆಟ್ಟರೆ ನಿಲ್ಲಿಸಿ ಬರಬೇಕು.

ಎರಡನೆಯದು ದಾಖಲೆ: ತಾರೀಖು, ಪೀರಿಯಡ್ಡು, ಯಾರನ್ನು ಕರೆದರು, ಆಡಿದ ಮಾತು ಇದ್ದದ್ದು ಇದ್ದಹಾಗೆ, ಎದುರಿಗಿದ್ದವರು. ಅದೇ ದಿನ ಬರೆಯಬೇಕು. ಇಲ್ಲಿ ಸಿಟ್ಟು ಬೆರೆತರೆ ಕೆಟ್ಟಿತು. "ಯಾವಾಗ್ಲೂ ಹೀಗೇ ಮಾಡ್ತಾರೆ" ಎಂಬ ದೂರನ್ನು "ಹುಡುಗಿ ಸ್ವಲ್ಪ ಸೂಕ್ಷ್ಮ" ಎಂದು ತಳ್ಳಿಹಾಕುವುದು ಸಲೀಸು. ಮೂರು ಶನಿವಾರವೂ ಅದೇ ಮೂರು ಹೆಸರು ಇರುವ ಪಟ್ಟಿಯನ್ನು ತಳ್ಳಿಹಾಕುವುದು ಕಷ್ಟ.

ಹೀಗೆ ಬರೆಯುವುದು ಹೇಗೆಂದು ತೋರಿಸಲು ಓದು ಬೇಕಾಯಿತು. ಅಂಬೇಡ್ಕರ್ ತಮ್ಮ ಶಾಲಾದಿನಗಳನ್ನು ನೆನೆದು ಬರೆದ ಭಾಗ ಕೊಟ್ಟೆವು: ಕೂರಲು ಬೇರೆಯೇ ಗೋಣಿತಾಟು, ಅದನ್ನು ದಿನವೂ ಮನೆಗೆ ಹೊತ್ತೊಯ್ದು ತರಬೇಕು, ಜವಾನ ನಲ್ಲಿ ತಿರುಗಿಸದಿದ್ದರೆ ನೀರಿಲ್ಲ. ಗೋಳಿಗಿಂತ ಗೋಣಿ, ನಲ್ಲಿ, ಜವಾನ ಎದ್ದು ಕಾಣುತ್ತವೆ. ಓದಿದ ಮೇಲೆ ಹುಡುಗಿ ತನ್ನ ದಾಖಲೆಗೆ ಪೊರಕೆ, ಬಕೆಟ್ಟು, ಆಸಿಡ್ ಬಾಟಲಿ ಸೇರಿಸಿದಳು. ಆಸಿಡ್ಡಿನ ವಿಷಯ ಅಲ್ಲಿವರೆಗೆ ಬಾಯಿಬಿಟ್ಟಿರಲಿಲ್ಲ.

ಅಂಬೇಡ್ಕರರ ಈ ಭಾಗವನ್ನೇ ತರಗತಿಯಲ್ಲಿ ಓದಿಸಲು ಶಿಕ್ಷಕಿಯೊಬ್ಬರು ಹೊರಟಿದ್ದರು. ಈಗಲೇ ಬೇಡ, ಓದುತ್ತಿದ್ದಂತೆ ಎಲ್ಲರ ತಲೆ ಅವಳ ಕಡೆ ತಿರುಗುತ್ತದೆ ಎಂದೆವು. ಮುಂದೆ ಓದಿಸಿದರೂ ಪ್ರಶ್ನೆ ಹೀಗಿರಲಿ: ಗೋಣಿ ತರಬೇಕಿಲ್ಲದ ಹುಡುಗರು ಅವತ್ತು ಮನೆಗೆ ಹೋಗಿ ಏನು ಹೇಳಿರಬಹುದು?

ದೂರಿನ ಹೊಣೆ ಮಗುವಿನದಲ್ಲ. ಅಮ್ಮನ ಸಹಿಯಲ್ಲಿ ಎಚ್‌ಎಂಗೆ (ಮುಖ್ಯಶಿಕ್ಷಕರಿಗೆ) ಅರ್ಜಿ, ಪ್ರತಿ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ), ಮೊಹರು ಬಿದ್ದ ಜೆರಾಕ್ಸ್ ಮನೆಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬ ಸಾಲು ಅರ್ಜಿಯಲ್ಲಿರಲಿ. ಬೆದರಿಕೆ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು.

ಕರೆಯುವುದು ನಿಂತಿದೆ. ನಗು ಪೂರ್ತಿ ನಿಂತಿಲ್ಲ, ದಾಖಲೆ ಮುಂದುವರಿದಿದೆ. ಮುಂದಿನ ಭೇಟಿ 15 ದಿನ ಬಿಟ್ಟು.