ಮಾವ ದಾರ್ಶನಿಕರೋ, ಚಿಂತಕರೋ?

ಉಡುಪಿಯ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಮಾವ ನಿವೃತ್ತ ಲೆಕ್ಕದ ಮೇಷ್ಟ್ರು. ಸಂಜೆ ಜಗಲಿಯಲ್ಲಿ ಕೂತು ‘ಕಾಲ ಅಂದರೆ ಏನು?’ ಅಂತ ಕೇಳುವ ಅಭ್ಯಾಸ ಅವರದ್ದು. ಮೊನ್ನೆ ಸನ್ಮಾನಪತ್ರದಲ್ಲಿ ಅವರನ್ನು ದಾರ್ಶನಿಕ ಎಂದು ಬರೆದರು. ಚಿಂತಕ ಅಂದರೂ ಅದೇ ಅಲ್ವಾ?”

ಅದೇ ಅಲ್ಲ. ಚಿಂತಕ ಸುಲಭದ ಪದ, ಯೋಚನೆ ಮಾಡುವವರಿಗೆಲ್ಲ ಸಲ್ಲುತ್ತದೆ, ಅದಕ್ಕೇ ಆಮಂತ್ರಣ ಪತ್ರಿಕೆಗಳಲ್ಲಿ ಬೇರೆ ಬಿರುದು ಸಿಗದವರೆಲ್ಲ ಚಿಂತಕರಾಗುತ್ತಾರೆ. ಸಂಸ್ಕೃತದ ಚಿಂತೆಯಲ್ಲಿ ಯೋಚನೆಯೂ ಇದೆ, ಕಳವಳವೂ ಇದೆ. ನಮ್ಮ ಆಡುಮಾತಿನಲ್ಲಿ ಉಳಿದದ್ದು ಕಳವಳ ಮಾತ್ರ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತೇವಲ್ಲ, ಆ ಲೆಕ್ಕದಲ್ಲಿ ಚಿಂತಕರಿಗೆ ಮನೆಯಲ್ಲೂ ನಿದ್ದೆ ಇರಬಾರದು!

ದಾರ್ಶನಿಕ ಬಂದದ್ದು ದರ್ಶನದಿಂದ. ದರ್ಶನ ಅಂದರೆ ನೋಡುವುದು. ನ್ಯಾಯ, ವೈಶೇಷಿಕ, ಸಾಂಖ್ಯ, ಯೋಗ, ಮೀಮಾಂಸೆ, ವೇದಾಂತ ಎಂಬ ಆರನ್ನು ಷಡ್ದರ್ಶನ ಅನ್ನುವುದು ಈ ಅರ್ಥದಲ್ಲೇ: ಜಗತ್ತು ಏನು, ನಾನು ಯಾರು, ಇದೆಲ್ಲ ನನಗೆ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆಗಳಿಗೆ ಒಂದಕ್ಕೊಂದು ಕೊಂಡಿ ಹಾಕಿದ ಪೂರ್ತಿ ನೋಟ. ನಿಮ್ಮೂರಿನ ಪಕ್ಕದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರನ್ನೇ ನೋಡಿ. ದೇವರು ಬೇರೆ, ಜೀವ ಬೇರೆ ಎಂದು ಹೇಳಿ ಅವರು ಸುಮ್ಮನಾಗಲಿಲ್ಲ. ಜೀವಕ್ಕೂ ಜೀವಕ್ಕೂ, ಜಡಕ್ಕೂ ಜಡಕ್ಕೂ, ದೇವರಿಗೂ ಜಡಕ್ಕೂ, ಜೀವಕ್ಕೂ ಜಡಕ್ಕೂ ಇರುವ ಭೇದ ಕೂಡ ನಿಜವೇ ಎಂದು ಐದು ಭೇದಗಳನ್ನು ಹೇಳಿ, ಅದರ ಮೇಲೆ ಎದುರಾಳಿಗಳ ಜೊತೆ ವಾದಕ್ಕೆ ನಿಂತರು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ದಾರ್ಶನಿಕ ಅನ್ನಲು ಅಷ್ಟಾದರೂ ಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ದರ್ಶನ ಬಂತು ಅಂದರೆ ಪಾತ್ರಿಯ, ಅಂದರೆ ದೈವ ಮೈಮೇಲೆ ಬರುವವನ, ಮೈಮೇಲೆ ಆವೇಶ ಬಂತು ಎಂದರ್ಥ. ಮಾವನನ್ನು ದಾರ್ಶನಿಕ ಅಂದಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರು ಕೈ ಮುಗಿದಿದ್ದರೂ ಆಶ್ಚರ್ಯವಿಲ್ಲ.

ಇದೇ ಸಾಲಿನ ಇನ್ನೊಂದು ಪದ ತತ್ತ್ವಜ್ಞಾನಿ, ಅಂದರೆ ತತ್ತ್ವವನ್ನು ತಿಳಿದವನು. ಗ್ರೀಕರ ಫಿಲಾಸಫರ್ ಪಾಪ, ಜ್ಞಾನವನ್ನು ಪ್ರೀತಿಸುವವನು ಅಷ್ಟೇ, ಸಿಕ್ಕಿತು ಅಂತ ಅವನು ಹೇಳಿಕೊಳ್ಳುವುದಿಲ್ಲ. ಇನ್ನು ವೇದಾಂತಿ ಎಂಬ ಪದ, ಜಾಗ ನೋಡಿಕೊಂಡು ಬಳಸಿ. ಉಡುಪಿ ರಥಬೀದಿಯಲ್ಲಿ ಅದು ಗೌರವ, ಮಂಗಳೂರಿನ ಬಂದರಿನಲ್ಲಿ ಮೀನಿಗೆ ಚೌಕಾಸಿ ಮಾಡುವಾಗ “ಸುಮ್ನೆ ವೇದಾಂತ ಹೇಳ್ಬೇಡಿ ಮಾರಾಯ್ರೆ” ಅಂದರೆ ದುಡ್ಡು ತೆಗೀರಿ ಎಂದರ್ಥ.

ನಿಮ್ಮ ಮಾವನ ವಿಷಯಕ್ಕೆ ಬಂದರೆ, ನಾನಾಗಿದ್ದರೆ ಚಿಂತಕ ಅಂತ ಬರೆಯುತ್ತಿದ್ದೆ. ಕಾಲದ ಬಗ್ಗೆ ಕೇಳುತ್ತಾರೆ ಸರಿ, ಅವರದೇ ಉತ್ತರ ಏನು ಅಂತ ನೀವು ಬರೆಯಲೇ ಇಲ್ಲವಲ್ಲ. ಅಂದ ಹಾಗೆ, ಸನ್ಮಾನಪತ್ರದಲ್ಲಿ ‘ದರ್ಶನಿಕ’ ಅಂತ ಅಚ್ಚಾಗಿದೆಯಾ ನೋಡಿ. ಧರ್ಮದಿಂದ ಧಾರ್ಮಿಕ ಆದ ಹಾಗೆ ಇಲ್ಲೂ ದೀರ್ಘ ಬೇಕು.